ಬಾಳೆಮೂತಿ ಮುರಿದ ಜಾಗ

ಭದ್ರಾವತಿ
16 ಡಿಸೆಂಬರ್ 1998

ವಿಶಾಲಾಕ್ಷಿ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು ಶುರುಮಾಡುವುದು ನನ್ನ ಅಭ್ಯಾಸ. ಇವತ್ತು ಬರೆಯುವುದಿಲ್ಲ.

ಶನಿವಾರ ನಿನ್ನ ಚಿತ್ರಪ್ರದರ್ಶನಕ್ಕೆ ಬಂದಿದ್ದೆ. ನೀನು ಪೇಪರಿನವರ ಜೊತೆ ಮಾತಾಡುತ್ತಿದ್ದೆ, ನನ್ನನ್ನು ನೋಡಲಿಲ್ಲ. ಜೊತೆಯಲ್ಲಿ ನಮ್ಮ ಸ್ಕೂಲಿನ ಹಿಂದಿ ಟೀಚರ್ ಇದ್ದರು. "ನನ್ನ ತಂಗಿ ಡ್ರಾಯಿಂಗ್ ಟೀಚರ್, ಚಿತ್ರ ಬರೀತಾಳೆ, ಬನ್ನಿ" ಎಂದು ನಾನೇ ಹೆಮ್ಮೆಯಿಂದ ಬಸ್ಸು ಹತ್ತಿಸಿಕೊಂಡು ಬಂದಿದ್ದೆ. ಹುತ್ತ ನೋಡಿದೆವು. ಬಿರಿದ ಹಲಸು ನೋಡಿದೆವು. ಬೇರೆಲ್ಲ ಮೇಲೆ ಬಂದು ಅಂಗಾತ ಬಿದ್ದ ಮರ ನೋಡಿದೆವು. "ಬಂಗಾರಮ್ಮ, ನಿಮ್ಮ ತಂಗಿ ಮರ ಗಿಡ ಬರೆದರೂ ಹೆಂಗಸರನ್ನೇ ಬರೆದಂಗೈತಲ್ರೀ" ಎಂದರು ಅವರು. ಸರಿಯಾಗಿಯೇ ಹೇಳಿದರು. ನನಗೆ ಖುಷಿಯಾಯಿತು.

ಆಮೇಲೆ ಕೊನೆಯ ಗೋಡೆಗೆ ಬಂದೆವು. ಕೆಮ್ಮಣ್ಣಿನ ಬಣ್ಣದ ನೆಲ. ಅದರ ಮೇಲೆ ಮುರಿದು ಬಿದ್ದ ಒಂದು ಬಾಳೆಮೂತಿ. ನೇರಳೆ ಎಸಳು ಒಂದೊಂದಾಗಿ ಎದ್ದು, ಪ್ರತಿ ಎಸಳಿನ ಕೆಳಗೆ ಸಾಲಾಗಿ ಸಣ್ಣ ಸಣ್ಣ ಬೆರಳಿನಂಥ ಹೂ. ಕೆಳಗೆ ಚೀಟಿ: "ನಾಲ್ಕನೇ ತಿಂಗಳು".

ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹಿಂದಿ ಟೀಚರ್ ನನ್ನ ಮುಖ ನೋಡಿ, "ನೀರು ಕುಡೀತೀರಾ?" ಎಂದರು. ಹೆಂಗಸರಿಗೆ ಇಂಥವು ಬೇಗ ಗೊತ್ತಾಗುತ್ತವೆ.

ಅಷ್ಟಕ್ಕೇ ನಿಂತಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರು ಚಂದ್ರಶೇಖರಪ್ಪ ಪೇಪರ್ ಬಿಡಿಸಿಕೊಂಡು, "ಮೇಡಂ, ನಿಮ್ಮ ತಂಗಿ ಫೇಮಸ್ ಆಗ್ಬಿಟ್ರಲ್ಲ! ಎಲ್ಲಿ ಬೋಂಡ, ಎಲ್ಲಿ ಟೀ?" ಎಂದು ಎಲ್ಲರಿಗೂ ಕೇಳುವಂತೆ ಓದಲು ಹಿಡಿದರು. "ನಾಲ್ಕನೇ ತಿಂಗಳಲ್ಲಿ ತೆಗೆಸಿದ ಬಸಿರಿನ ಚಿತ್ರ ಇದು. ನಮ್ಮ ಮನೆಯಲ್ಲೇ ನಡೆದ ಸಂಗತಿ. ಆರು ವರ್ಷದ ಹಿಂದೆ ನಾನು ಕಣ್ಣಾರೆ ಕಂಡದ್ದು" ಎಂಬ ನಿನ್ನ ಮಾತು ಬಂತು. ಅವರು ಅರ್ಧಕ್ಕೇ ನಿಲ್ಲಿಸಿ, ಪೇಪರ್ ಮಡಿಸಿ, ಗ್ರೌಂಡಿಗೆ ಹೋದರು. ಆ ಗಂಡಸಿಗೂ ಲೆಕ್ಕ ಹತ್ತಿತು. ನಮ್ಮ ಮನೆ ಎಂದರೆ ಯಾರು? ಅಪ್ಪ ಅಮ್ಮ ಇಲ್ಲ. ನಿನಗೆ ಮದುವೆಯಾಗಿಲ್ಲ. ಉಳಿದವಳು ಯಾರು?

ಕವನ ಆ ಪೇಪರ್ ಕತ್ತರಿಸಿ ಅಂಟಿಸಿಕೊಂಡಿದ್ದಾಳೆ, ಚಿಕ್ಕಮ್ಮನ ಫೋಟೋ ಬಂದಿದೆಯೆಂದು. ರಾತ್ರಿ ತಟ್ಟೆ ತೊಳೆಯುತ್ತ ಕೇಳಿದಳು: "ಅಮ್ಮ, ಚಿಕ್ಕಮ್ಮ ಹೇಳಿರೋದು ಯಾರ ವಿಷಯ?" ಅವಳಿಗೆ ಹದಿನೈದು. ಅವಳು ಹೆಣ್ಣು. ಅವಳ ತಂಗಿ ಮಧುಶ್ರೀಯೂ ಹೆಣ್ಣು. ಅವರಿಬ್ಬರ ನಂತರ ಬಂದದ್ದನ್ನು ಅವರಮ್ಮ ಯಾಕೆ ಬೇಡ ಎಂದಳು ಎಂದು ನಾನು ಅವಳಿಗೆ ಹೇಗೆ ಹೇಳಲಿ? ನೀನೇ ಬಂದು ಹೇಳುತ್ತೀಯಾ?

ಆ ಚೀಟಿ ಕಿತ್ತುಹಾಕು. ಚಿತ್ರ ಇಳಿಸು. ಅಲ್ಲಿಯವರೆಗೆ ನಮ್ಮ ಕ್ವಾರ್ಟರ್ಸ್ ಕಡೆ ಬರಬೇಡ.

ಬಂಗಾರಮ್ಮ


ಶಿವಮೊಗ್ಗ
19 ಡಿಸೆಂಬರ್ 1998

ಅಕ್ಕ,

ಭದ್ರಾವತಿಯಿಂದ ಹತ್ತು ನಿಮಿಷಕ್ಕೊಂದು ಬಸ್ಸು ಬರುತ್ತೆ. ನಿನ್ನ ಕೋಪ ಪೋಸ್ಟಿನಲ್ಲಿ ಬಂತು, ಮೂರು ದಿನ ಹಳೆಯದಾಗಿ. ಆದರೂ ಬಿಸಿ ಆರಿರಲಿಲ್ಲ.

ನಾನು ಯಾರ ಹೆಸರೂ ಹೇಳಿಲ್ಲ. "ನಮ್ಮ ಮನೆ" ಎಂದದ್ದು ತಪ್ಪಾಯಿತು, ಒಪ್ಪಿಕೊಳ್ಳುತ್ತೇನೆ. ಪೇಪರಿನವನು "ಮೇಡಂ, ಹೂ ಹಣ್ಣು ಬರೆಯೋದು ನಿಮ್ಮ ಹಾಬಿನಾ?" ಎಂದು ಕೇಳಿದ. ರೇಗಿತು, ಬಾಯಿಗೆ ಬಂತು. ಆದರೆ ಚಿತ್ರ ಇಳಿಸುವುದಿಲ್ಲ.

ನಿನಗೆ ಕೋಪ ಬಂದಿದೆಯಲ್ಲವೇ? ನನಗೆ ಆರು ವರ್ಷದಿಂದ ಬಂದಿದೆ. ಆ ದಿನ ಭಾವ ನಿನ್ನನ್ನು ನನ್ನ ರೂಮಿಗೆ ತಂದುಬಿಟ್ಟು, "ನಂಗೆ ಸೆಕೆಂಡ್ ಶಿಫ್ಟ್ ಇದೆ, ನೀವಿಬ್ರೂ ಹೋಗಿಬನ್ನಿ" ಎಂದು ತಿರುಗಿ ಹೋದರು. ತರಕಾರಿ ತರಲು ಕಳಿಸಿದ ಹಾಗೆ. ಆ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ದೆ. ನರ್ಸ್ ಹೊರಗೆ ತಂದ ಬೇಸಿನ್ನಿಗೆ ಬಿಳಿ ಬಟ್ಟೆ ಮುಚ್ಚಿತ್ತು. ಅವಳು ನನ್ನ ಕಾಲು ದಾಟಿಕೊಂಡು ಹೋದಳು. "ಸ್ವಲ್ಪ ಕಾಲು ತಗೀರಿ" ಎಂದಳು. ನಾನು ತೆಗೆದೆ. ಅದಾದಮೇಲೆ ನೀನು ಆ ಮಾತೇ ಎತ್ತಲಿಲ್ಲ. ಹಬ್ಬಕ್ಕೆ ನಿಮ್ಮ ಮನೆಗೆ ಬಂದಾಗ ನಾನೇ ಭಾವನಿಗೆ ಬಡಿಸಿದೆ. ಅವರು ಇನ್ನೊಂದು ಒಬ್ಬಟ್ಟು ಕೇಳಿದರು. ನನಗೆ ಆ ತಟ್ಟೆ ಕಸಿದು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ರೂಮಿಗೆ ಬಂದು ಬರೆದೆ.

ಹೇಗೆ ಬರೆದೆ ಎಂಬುದನ್ನೂ ಕೇಳು. ನಮ್ಮ ಓನರ್ ಸರ್ವರ್ ಬೀ ಅವರ ಹಿತ್ತಲಲ್ಲಿ ಬಾಳೆ ಇದೆ. ಗೊನೆ ಮೂಡಿ ಚಿಪ್ಪೆಲ್ಲ ಬಿಟ್ಟಾದ ಮೇಲೆ ಕೆಳಗೆ ನೇತಾಡುವ ಮೂತಿ ಮುರಿಯುತ್ತಾರಲ್ಲ, ಆ ದಿನ ನನ್ನನ್ನು ಕರೆಯಿರಿ ಎಂದಿದ್ದೆ. "ಗೊನೆ ದಪ್ಪ ಆಗ್ಲಿ ಅಂತ ಮುರೀತೀವಿ ಟೀಚರ್, ಇದ್ರಲ್ಲಿ ಬರ್ಕೊಳ್ಳೋದೇನಿದೆ? ನನ್ನ ಬರೀರಿ, ನಾನು ಇದಕ್ಕಿಂತ ಚೆನ್ನಾಗಿದೀನಿ" ಎಂದು ನಕ್ಕರು. ಮುರಿದ ಕಡೆಯಿಂದ ಸೊನೆ ತೊಟ್ಟಿಕ್ಕಿತು. ಗಿಡ ಅಲ್ಲಾಡಲಿಲ್ಲ. ಆಗ ಹೊಳೆಯಿತು. ಆ ಮೂತಿಯಲ್ಲಿರುವ ಹೂ ಯಾವತ್ತೂ ಕಾಯಾಗುವುದಿಲ್ಲ. ಮುರಿದರೆ ಏನೂ ಕಳೆದುಹೋಗುವುದಿಲ್ಲ. ನಿನಗೆ ಇದನ್ನು ಹೇಳಬೇಕೆನ್ನಿಸಿತು, ಅಕ್ಕ. ಬಾಯಲ್ಲಿ ಹೇಳಲು ನೀನು ಬಿಡುತ್ತಿರಲಿಲ್ಲ. ಕೋಪದಲ್ಲಿ ಹಿಡಿದ ಕುಂಚ, ಮುಗಿಯುವ ಹೊತ್ತಿಗೆ ನಿನಗೆ ಸಮಾಧಾನ ಹೇಳುವ ಚಿತ್ರ ಆಯಿತು.

ಇನ್ನೊಂದು ಸಂಗತಿ. ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳುತ್ತೇನೆ. ಮೊನ್ನೆ ಪ್ರದರ್ಶನಕ್ಕೆ ಒಬ್ಬ ಡಾಕ್ಟರಮ್ಮ ಬಂದರು. ಆ ಚಿತ್ರದ ಮುಂದೆ ನಿಂತು, "ಎಷ್ಟು ಶಾಂತವಾಗಿದೆ" ಎಂದರು. ಅವರ ನರ್ಸಿಂಗ್ ಹೋಮಿಗೆ ಹೊಸ ಕಟ್ಟಡವಾಗಿದೆಯಂತೆ, ಹೆಂಗಸರು ಕಾಯುವ ಹಾಲಿಗೆ ಇದು ಬೇಕಂತೆ. ಅವರು ಅದೇ ಡಾಕ್ಟರಮ್ಮ. ಅದೇ ನರ್ಸಿಂಗ್ ಹೋಮ್. ನನ್ನ ಗುರುತು ಅವರಿಗೆ ಹತ್ತಲಿಲ್ಲ. ನಾನಿನ್ನೂ ಉತ್ತರ ಹೇಳಿಲ್ಲ.

ವಿಶಾಲು


ಭದ್ರಾವತಿ
4 ಜನವರಿ 1999

ವಿಶಾಲಾಕ್ಷಿ,

ಎರಡು ವಾರ ಸುಮ್ಮನಿದ್ದೆ. ಬರೆದರೆ ಏನು ಬರೆಯುತ್ತೇನೋ ಎಂದು ಹೆದರಿದ್ದೆ.

ಬಾಳೆಹೂವಿನ ಪಾಠ ನನಗೆ ಹೇಳಬೇಡ. ಪ್ರತಿವರ್ಷ ಹೂವಿನ ಭಾಗಗಳನ್ನು ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನು. ಗೊನೆಯಲ್ಲಿ ಮೇಲಿನ ಚಿಪ್ಪುಗಳು ಹೆಣ್ಣು ಹೂ, ಅವು ಕಾಯಾಗುತ್ತವೆ. ಕೆಳಗಿನ ಮೂತಿಯಲ್ಲಿರುವುದೆಲ್ಲ ಗಂಡು ಹೂ, ಅವು ಉದುರುತ್ತವೆ. ಅದಕ್ಕೇ ಮುರಿದು ಎಸೆಯುತ್ತಾರೆ. ನೀನು ಬರೆದದ್ದು ಅದನ್ನು. ನನ್ನ ಹೊಟ್ಟೆಯಲ್ಲಿದ್ದದ್ದು ಹೆಣ್ಣು. ನಾಲ್ಕು ತಿಂಗಳು ತುಂಬುವಷ್ಟರಲ್ಲೇ ಒಳಗೆ ಮೀನು ಆಡಿದ ಹಾಗೆ ಆಡಿತ್ತು. ಅದು ಕಾಯಿ. ಕಾಯಾಗದ ಹೂವಲ್ಲ.

ಏನೂ ಕಳೆದುಹೋಗಲಿಲ್ಲ ಎಂದು ನನಗೆ ಹೇಳಲು ನೀನು ಯಾರು? ನಾನು ಕೇಳಿದ್ದೆನಾ? ಪೇಪರಿನಲ್ಲಿ ಬಂದದ್ದಕ್ಕೆ ನನಗೆ ಬಂದ ಕೋಪ ಒಂದು ತೂಕ. ಈ ಸಮಾಧಾನಕ್ಕೆ ಬಂದ ಕೋಪವೇ ಬೇರೆ.

ನಿನ್ನ ಭಾವನ ತಟ್ಟೆ ಎಸೆಯಬೇಕಿತ್ತು ಎಂದು ಬರೆದಿದ್ದೀಯ. ಆ ದಿನಗಳಲ್ಲಿ ಈ ಮನೆಯಲ್ಲಿ ಏನು ನಡೆಯಿತೆಂದು ನಿನಗೆ ಗೊತ್ತಿಲ್ಲ. ಅವರು ಬೈಯಲಿಲ್ಲ. ಕೈ ಎತ್ತಲಿಲ್ಲ. ಸ್ಕ್ಯಾನ್ ಆದಮೇಲೆ ಡಾಕ್ಟರಮ್ಮ "ಈ ಸಲವೂ ಮನೆಗೆ ಲಕ್ಷ್ಮೀನೇ" ಎಂದು ನಕ್ಕರು. ಬಸ್ಸು ಹತ್ತಿ ಇಬ್ಬರೂ ಮನೆಗೆ ಬಂದೆವು. ಊಟಕ್ಕೆ ಕೂತಾಗ ಅವರು, "ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು" ಎಂದರು. ಎಂದು, ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು. ಹತ್ತು ವರ್ಷ ಸಂಸಾರ ಮಾಡಿದವಳಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾ? ಎರಡೂ ಹೆರಿಗೆಯಲ್ಲಿ ತೊಟ್ಟಿಲ ಹತ್ತಿರ ಬಂದು ಅವರು ಮೊದಲು ನೋಡಿದ್ದು ಏನನ್ನು ಎಂದು ನನಗೆ ಗೊತ್ತಿಲ್ಲವಾ? ಹೊಡೆದಿದ್ದರೆ ನಿನ್ನ ಹಾಗೆ ನಾನೂ ಒಬ್ಬರನ್ನು ದ್ವೇಷಿಸಿಕೊಂಡು ಹಾಯಾಗಿರುತ್ತಿದ್ದೆ. ಅವರು ನೆಂಟರಷ್ಟು ಮರ್ಯಾದೆಯಿಂದ ನಡೆದುಕೊಂಡರು. ಅದನ್ನು ಮಾಡಿದವಳು ನಾನೇ ಆದೆ. ಅವರಿಗೆ ಈಗಲೂ ಅದು "ನೀನು ಮಾಡಿಸ್ಕೊಂಡಿದ್ದು".

ಮದುವೆ, ಬಸಿರು ಎಂದರೇನೆಂದು ತಿಳಿಯದವಳು ನೀನು. ಕೆಮ್ಮಣ್ಣು, ನೇರಳೆ ಬಣ್ಣ ಕಲಸಿ ನನಗೆ ಕ್ಷಮೆ ಕೊಡಲು ಬಂದಿದ್ದೀಯ.

ಆ ಚಿತ್ರ ಇನ್ನೆಲ್ಲಿ ಬೇಕಾದರೂ ಇರಲಿ, ಆ ಹಾಲಿನಲ್ಲಿ ಬೇಡ. ಅಲ್ಲಿ ಕೂತು ಕಾಯುವ ಹೆಂಗಸರಿಗೆ ಅದನ್ನು ತೋರಿಸಬೇಡ. ಇದೊಂದು ಕೇಳುತ್ತಿದ್ದೇನೆ.

ಅಕ್ಕ


ಶಿವಮೊಗ್ಗ
17 ಜನವರಿ 1999

ಅಕ್ಕ,

ನಿನ್ನ ಕಾಗದ ಬರುವ ಮೊದಲೇ ಹೂಂ ಎಂದಾಗಿತ್ತು. ಸಂಕ್ರಾಂತಿಯ ಮಾರನೆಯ ದಿನ ಚಿತ್ರ ಅವರ ಹಾಲಿನ ಗೋಡೆ ಸೇರಿತು.

ವಾಪಸ್ ಕೇಳಬಹುದಿತ್ತು. ಕೇಳಲಿಲ್ಲ. ಸುಳ್ಳು ಹೇಳಿ ಏನಾಗಬೇಕು, ಕೇಳಲು ಮನಸ್ಸು ಬರಲಿಲ್ಲ. ಈ ಊರಿನಲ್ಲಿ ಗೋಡೆಗೆ ಬೇಕಾದದ್ದು ಜೋಡಿ ಹಂಸ, ಜಲಪಾತ, ಇಲ್ಲ ಗಣಪತಿ. ಇಷ್ಟು ವರ್ಷದಲ್ಲಿ ನನ್ನ ಚಿತ್ರ ಬೇಕು ಎಂದವರು ಇವರೊಬ್ಬರೇ. ನಮ್ಮ ಮನೆಯವರೂ ಅಂದಿಲ್ಲ. ಅಪ್ಪ ಕೊನೆಯವರೆಗೂ ಯಾರಾದರೂ ಕೇಳಿದರೆ "ಚಿಕ್ಕೋಳು ರಂಗೋಲಿ ಚೆನ್ನಾಗಿ ಹಾಕ್ತಾಳೆ" ಎನ್ನುತ್ತಿದ್ದರು. ನಿನ್ನ ಹಾಲಿನಲ್ಲಿ ಸಹಕಾರ ಸಂಘದ ಕ್ಯಾಲೆಂಡರ್ ಇದೆ, ನಾನು ಬರೆದದ್ದು ಒಂದೂ ಇಲ್ಲ.

ಮದುವೆ ಬಸಿರು ತಿಳಿಯದವಳು ಎಂದೆಯಲ್ಲ. ಹೊತ್ತವರಿಗೆ ಮಾತ್ರ ಕೋಪ ಬರಬೇಕೆಂದು ಎಲ್ಲಿ ಬರೆದಿದೆ? ಆ ಬೆಂಚಿನ ಮೇಲೆ ಕೂತವಳು ನಾನು. ನಿನ್ನ ಬಟ್ಟೆ ಒಗೆದವಳು ನಾನು. ಮದುವೆಯಾಗದವಳ ಹಗ್ಗದ ಮೇಲೆ ಅದೆಲ್ಲ ಒಣಗುತ್ತಿದ್ದಾಗ ಆಗಿನ ಓನರ್ ಹೆಂಗಸು ನನ್ನನ್ನು ಹೇಗೆ ನೋಡಿದಳು, ಮುಂದಿನ ತಿಂಗಳೇ ನಾನು ಯಾಕೆ ಮನೆ ಬದಲಾಯಿಸಿದೆ ಎಂದು ನೀನು ಯಾವತ್ತಾದರೂ ಕೇಳಿದೆಯಾ?

ಗಂಡು ಹೂ, ಹೆಣ್ಣು ಹೂ ಎಂಬುದು ನಿನ್ನ ಕ್ಲಾಸಿಗೆ ಸರಿ. ಚಿತ್ರ ಬಾಟನಿ ಅಲ್ಲ. ನೋಡುವವರು ನೋಡಿಕೊಳ್ಳುತ್ತಾರೆ.

ಚೀಟಿ ಮಾತ್ರ ತೆಗೆದಿದ್ದೇನೆ. ಈಗ ಅದಕ್ಕೆ ಹೆಸರಿಲ್ಲ.

ವಿಶಾಲಾಕ್ಷಿ


ಭದ್ರಾವತಿ
2 ಮಾರ್ಚ್ 1999

ವಿಶಾಲು,

ನೋಡುವವರು ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದೆ. ಅವರು ಹೇಗೆ ನೋಡಿಕೊಳ್ಳುತ್ತಾರೆ ಎಂದು ನೋಡಿಬಂದೆ.

ನಿನ್ನೆ ಪ್ರಿಪರೇಟರಿ ಪೇಪರ್ ತಿದ್ದುವುದಿದೆ ಎಂದು ಮನೆಯಲ್ಲಿ ಹೇಳಿ ಶಿವಮೊಗ್ಗಕ್ಕೆ ಬಂದಿದ್ದೆ. ನಿನ್ನ ಕಡೆ ಬರಲಿಲ್ಲ. ನೆಟ್ಟಗೆ ಅಲ್ಲಿಗೆ ಹೋದೆ. ಹೊಸ ಹಾಲು, ಹೊಸ ಟೈಲ್ಸು, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಕೌಂಟರಿನ ಹುಡುಗಿ "ಯಾರಿಗೆ ತೋರಿಸ್ಬೇಕು?" ಎಂದಳು. "ಸ್ವಲ್ಪ ಕೂತ್ಕೋತೀನಮ್ಮ" ಎಂದೆ. "ಕೂತ್ಕೊಳ್ಳಿ, ದುಡ್ಡೇನಿಲ್ಲ" ಎಂದು ನಕ್ಕಳು. ಒಳ್ಳೆಯ ಹುಡುಗಿ.

ಚಿತ್ರ ಎದುರಿಗೇ ಇದೆ. ಪಕ್ಕದಲ್ಲೇ ಸರ್ಕಾರ ಹಾಕಿಸಿರುವ ಬೋರ್ಡು: ಇಲ್ಲಿ ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ. ಈಗ ಕಾನೂನು ಬಂದಿದೆಯಲ್ಲ. ಹೆಂಗಸರು ಬೋರ್ಡು ಓದುವುದಿಲ್ಲ, ಚಿತ್ರ ನೋಡುತ್ತಾರೆ.

"ಏನ್ ಚಂದ ಬರ್ದಿದಾರೆ ನೋಡೆ, ನಮ್ ಹಿತ್ಲಲ್ಲಿ ಬಿಟ್ಟಂಗೇ ಐತೆ" ಎಂದಳು ಒಬ್ಬಳು.

"ನೋಡಕ್ಕೆ ಚಂದ ಮಾರಾಯ್ತಿ, ಪಲ್ಯ ಮಾಡೋಳ ಗೋಳು ಯಾರಿಗೆ ಬೇಕು? ಆ ನಾರು ತೆಗ್ಯೋದ್ರಲ್ಲಿ ಕೈಯೆಲ್ಲ ಕರ್ರಗೆ. ನಮ್ಮತ್ತೆ ಬೇಕಂತ್ಲೇ ನಂಗೇ ಕೊಡೋಳು."

"ನಿಮ್ಮತ್ತೆ ಇದಾಳಾ?"

"ಇದಾಳಲ್ಲ, ಕೌಂಟರ್ ಹತ್ರ ಜಗಳ ಆಡ್ತಿದಾಳೆ, ಕೇಳಿಸ್ತಿಲ್ವಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು.

ನನ್ನ ಪಕ್ಕ ಮಾಚೇನಹಳ್ಳಿ ಕಡೆಯ ಅತ್ತೆ ಸೊಸೆ ಕೂತಿದ್ದರು. ಸೊಸೆಗೆ ಇಪ್ಪತ್ತೋ ಇಪ್ಪತ್ತೊಂದೋ. ಅಳುತ್ತಿದ್ದಳು, ಶಬ್ದವಿಲ್ಲದೆ. ಅತ್ತೆ ಕೆಟ್ಟವಳಲ್ಲ, ಅದನ್ನೂ ಹೇಳಬೇಕು. ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದಳು. ಒರೆಸುತ್ತ ಹೇಳಿದಳು: "ಅಳಬ್ಯಾಡ ಕಣವ್ವ. ಅಲ್ನೋಡು, ಅಲ್ಲೇ ಬರ್ದು ಹಾಕಿದಾರೆ. ಮೂತಿ ಮುರಿದ್ರೆ ಗಿಡಕ್ಕೇನಾದ್ರೂ ಆಗುತ್ತಾ? ಗೊನೆ ದಪ್ಪ ಆಗುತ್ತೆ. ಸುಮ್ಸುಮ್ನೆ ಹಾಕ್ಸಿರ್ತಾರಾ ಡಾಕ್ಟ್ರು?"

ಆ ಹುಡುಗಿ ತಲೆಯೆತ್ತಿ ನಿನ್ನ ಚಿತ್ರ ನೋಡಿದಳು. ನೋಡುತ್ತ ನೋಡುತ್ತ ಅಳು ನಿಲ್ಲಿಸಿದಳು. ಒಳಗಿನಿಂದ ಕರೆದರು. ಎದ್ದು ಹೋದಳು.

ನಾನು ಬಾಯಿ ಬಿಡಲಿಲ್ಲ.

ನನಗೆ ಹೇಳಿದ ಸಮಾಧಾನವನ್ನು ನಾನು ಮುಖಕ್ಕೇ ಎಸೆದೆ, ನನ್ನ ಕೈಲಾಯಿತು. ಅವಳಿಗೆ ಎಸೆಯಲು ಗೊತ್ತಿಲ್ಲ. ಅವಳನ್ನು ಒಳಗೆ ಕಳಿಸಿದ್ದು ಅವರತ್ತೆ ಅಲ್ಲ, ವಿಶಾಲು. ಅವರತ್ತೆಯ ಕೈಯಲ್ಲಿ ಆಗಿರಲಿಲ್ಲ. ನಿನ್ನ ಚಿತ್ರ ಕಳಿಸಿತು.

ಇನ್ನು ನಾನು ಏನನ್ನೂ ಕೇಳುವುದಿಲ್ಲ.

ಅಕ್ಕ


ಶಿವಮೊಗ್ಗ
11 ಮಾರ್ಚ್ 1999

ಅಕ್ಕ,

ನಿನ್ನ ಕಾಗದ ಓದಿ ಅದನ್ನು ಹರಿದುಹಾಕಿದೆ. ಆಮೇಲೆ ಚೂರು ಜೋಡಿಸಿ ಮತ್ತೆ ಓದಿದೆ. ಆ ಹುಡುಗಿ ಅಳು ನಿಲ್ಲಿಸಿದಳು ಎಂಬಲ್ಲಿಗೆ ಬಂದಾಗಲೆಲ್ಲ ಮುಂದೆ ಹೋಗಲಾಗಲಿಲ್ಲ. ನಾಲ್ಕು ದಿನ ನಿನ್ನ ಮೇಲೆ ಸಿಟ್ಟು. ಪಕ್ಕದಲ್ಲೇ ಕೂತು ಬಾಯಿ ಬಿಡದವಳು ನನಗೆ ಹೇಳುತ್ತಾಳೆ ಎಂದು. ಐದನೇ ದಿನ ಸಿಟ್ಟು ಬೇರೆ ಕಡೆ ತಿರುಗಿತು. ನಾನು ಕೋಪದಲ್ಲಿ ಶುರುಮಾಡಿದ ಚಿತ್ರ ಅದು. ಅದರಲ್ಲಿ ಕೋಪ ಒಂದು ಚೂರೂ ಉಳಿಯದ ಹಾಗೆ ಒರೆಸಿ, ಚಂದ ಮಾಡಿ, ಆ ಡಾಕ್ಟರಮ್ಮನ ಕೈಗೆ ಕೊಟ್ಟಿದ್ದೇನೆ.

ನಿನ್ನೆ ಬಣ್ಣ, ಕುಂಚ, ಟರ್ಪೆಂಟೈನ್ ಬಾಟಲಿ ತಗೊಂಡು ಹೋದೆ. ಸರ್ವರ್ ಬೀ ನಾನೂ ಬರ್ತೀನಿ ಎಂದು ಸ್ಟೂಲ್ ಹಿಡಿದುಕೊಂಡು ಬಂದರು. ಕೌಂಟರಿನ ಹುಡುಗಿಗೆ ಚಿತ್ರಕ್ಕೆ ಸ್ವಲ್ಪ ಕೆಲಸ ಬಾಕಿಯಿದೆ ಎಂದೆ. ಅವಳೇ ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟಳು. ಹಾಲು ತುಂಬಿತ್ತು. ಎಲ್ಲ ಹೆಂಗಸರ ಮುಂದೆ ಸ್ಟೂಲು ಹತ್ತಿ ಬರೆಯಲು ಶುರುಮಾಡಿದೆ.

ಏನು ಮಾಡಿದೆ ಎಂದು ನಿನಗೆ ಒಂದೇ ಮಾತಿನಲ್ಲಿ ಹೇಳಿದರೆ ಗೊತ್ತಾಗುತ್ತೆ. ಮೂತಿಯ ಮೇಲೆ ದಿಂಡು ಉದ್ದ ಮಾಡಿ, ಅದಕ್ಕೆ ಒಂದು ಚಿಪ್ಪು ಕಾಯಿ ಬರೆದೆ. ಎಳೆಯ ಕಾಯಿ, ಹಸಿರು ಇನ್ನೂ ತಿಳಿ, ತುದಿಯಲ್ಲಿ ಒಣಗಿದ ಹೂ ಇನ್ನೂ ಉದುರಿಲ್ಲ. ಕತ್ತಿಯ ಏಟು ಈಗ ಆ ಚಿಪ್ಪಿಗಿಂತ ಮೇಲೆ ಬಿದ್ದಿದೆ. ಮೂತಿಯ ಜೊತೆ ಆ ಚಿಪ್ಪೂ ನೆಲದ ಮೇಲಿದೆ.

ಮೊದಲು ಎಲ್ಲರೂ ತಮಾಷೆಯಾಗಿ ನೋಡುತ್ತಿದ್ದರು. "ಟೀಚರ್, ಹಂಗೇ ನಮ್ ಮನೆ ಗೋಡೆಗೂ ಒಂದ್ ಬಳ್ದುಬಿಡಿ" ಎಂದಳು ಒಬ್ಬಳು. ಕಾಯಿ ಒಂದೊಂದೇ ಮೂಡುತ್ತಿದ್ದ ಹಾಗೆ ಹಿಂದಿನಿಂದ ಒಂದು ದನಿ: "ಅಲ್ಲಿ ಕಾಯಿ ಯಾಕ್ ಬರೀತೀರಾ? ಮೂತಿ ಜೊತೆ ಚಿಪ್ಪು ಬರಲ್ಲ. ತಪ್ಪಾಯ್ತು ನೋಡಿ."

ನಾನು ತಿರುಗದೆ, "ಬಂದಿದೆಯಲ್ಲ" ಎಂದೆ.

ಸರ್ವರ್ ಬೀ ಸ್ಟೂಲು ಹಿಡಿದು ನಿಂತಿದ್ದರು. ಅವರ ಗಂಟಲು ನಿನಗೆ ಗೊತ್ತಲ್ಲ. "ಯಾ ಅಲ್ಲಾ! ಎಳೇ ಕಾಯಿ ಚಿಪ್ಪು ಸಮೇತ ಕಡಿಯೋದಾ? ಕಣ್ಣು ಕಾಣ್ಸಲ್ವಾ ಅವರಿಗೆ? ಯಾವ ಬೇಕೂಫ್ ಮಾಡಿದ್ದು ಇದು ಟೀಚರ್?"

ಸರ್ವರ್ ಬೀ ಸುತ್ತ ನೋಡಿ, ತಾನೇನು ಅಂದೆ ಎಂದು ಹೊಳೆದು, ಬಾಯಿಗೆ ಸೆರಗು ಹಿಡಿದರು. ಒಬ್ಬ ತುಂಬು ಬಸುರಿ ಎದ್ದು ಚಿತ್ರಕ್ಕೆ ಬೆನ್ನು ಮಾಡಿ ಕೂತಳು. ಇನ್ನೊಬ್ಬಳು ತನ್ನ ಜೊತೆ ಬಂದವಳಿಗೆ "ನಡಿಯಕ್ಕ, ಇವತ್ತು ಬ್ಯಾಡ" ಎಂದಳು. ಅವರು ಯಾಕೆ ಬಂದಿದ್ದರೋ, ಯಾಕೆ ಹೋದರೋ ನನಗೆ ಗೊತ್ತಿಲ್ಲ. ನಾನು ಏನನ್ನೂ ಗೆದ್ದೆ ಎಂದು ಬರೆಯುತ್ತಿಲ್ಲ. ನಿನ್ನ ಪಕ್ಕ ಕೂತಿದ್ದವಳು ಒಳಗೆ ಹೋಗಿಯಾಗಿದೆ.

ಡಾಕ್ಟರಮ್ಮ ಹೊರಗೆ ಬಂದರು. "ಏನಿದು ವಿಶಾಲಾಕ್ಷಿ, ನೀವು ಕೊಟ್ಟಾಗ ಸರಿಯಾಗೇ ಇತ್ತಲ್ಲ?"

"ನಿಮಗೆ ಸರಿಯಾಗಿತ್ತು ಡಾಕ್ಟರ್."

"ಪೇಶೆಂಟ್ಸ್ ಹೆದರ್ತಾರೆ. ಇದು ಮೆಟರ್ನಿಟಿ ಹೋಮ್."

"ಆರು ವರ್ಷದ ಹಿಂದೆ ಶ್ರಾವಣದಲ್ಲಿ ನಾನು ಇದೇ ಮೆಟರ್ನಿಟಿ ಹೋಮಿನ ಬೆಂಚಿನ ಮೇಲೆ ಕೂತಿದ್ದೆ" ಎಂದೆ. ಜೋರಾಗಿಯೇ ಅಂದೆ. ಅವರು ನನ್ನ ಮುಖ ನೋಡಿದರು. ನೆನಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಅಕ್ಕ, ಅದಕ್ಕಿಂತ ದೊಡ್ಡ ಸಿಟ್ಟು ನನಗೆ ಈ ಜನ್ಮದಲ್ಲಿ ಬಂದಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

ವಿಶಾಲು


ಶಿವಮೊಗ್ಗ
18 ಮಾರ್ಚ್ 1999

ಅಕ್ಕ,

ಚಿತ್ರ ವಾಪಸ್ ಬಂತು. ಆಟೋದಲ್ಲಿ ಕಳಿಸಿದ್ದರು. ಹಸಿ ಬಣ್ಣದ ಮೇಲೆ ನ್ಯೂಸ್ ಪೇಪರ್ ಸುತ್ತಿ ಹಗ್ಗ ಬಿಗಿದಿದ್ದರು. ಬಿಚ್ಚಿದಾಗ ಎರಡು ಕಾಯಿಯ ಮೇಲೆ ಅಡಿಕೆ ಧಾರಣೆಯ ಅಕ್ಷರ ಹತ್ತಿಕೊಂಡಿತ್ತು. ತಿದ್ದಿದೆ.

ಸ್ಕೂಲಿಗೂ ಯಾರೋ ಫೋನ್ ಮಾಡಿದ್ದಾರೆ. ಹೆಡ್‌ಮಿಸ್ ಕರೆದು, "ಡ್ರಾಯಿಂಗ್ ಟೀಚರ್ ಡ್ರಾಯಿಂಗ್ ಹೇಳ್ಕೊಟ್ಕೊಂಡು ಇರ್ಬೇಕಮ್ಮ" ಎಂದರು. "ಅದನ್ನೇ ಮಾಡಿದ್ದು ಮೇಡಂ" ಎಂದೆ. ಮುಂದೆ ಏನಾಗುತ್ತೋ ನೋಡೋಣ.

ಈಗ ಚಿತ್ರ ನನ್ನ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಇದನ್ನು ಇನ್ನೆಲ್ಲೂ ತೂಗುಹಾಕುವ ಧೈರ್ಯ ನನಗಿಲ್ಲ. ನೋಡುವವರ ಮೇಲೆ ಬಿಡುವುದು ಎಂದರೇನೆಂದು ಒಂದು ಸಲ ಕಲಿತಾಯಿತು. ಸುಣ್ಣ ಬಳಿ ಎಂದರೆ ಬಳಿಯುತ್ತೇನೆ. ಈ ಸಲ ನೀನು ಹೇಳಿದ ಹಾಗೆ.

ವಿಶಾಲು


ಭದ್ರಾವತಿ
25 ಮಾರ್ಚ್ 1999

ವಿಶಾಲು,

ಸುಣ್ಣ ಬಳಿಯಬೇಡ.

ಕವನಳಿಗೆ ಹೇಳಿದೆ. ಪರೀಕ್ಷೆ ಮುಗಿಯಲಿ ಎಂದು ಕಾದಿದ್ದೆ, ಆದರೆ ಅವಳೇ ಮತ್ತೆ ಕೇಳಿದಳು. ಎಲ್ಲವನ್ನೂ ಹೇಳಿದೆ, ಯಾಕೆ ಎಂಬುದನ್ನೂ. ಅವಳು ಅಳಲಿಲ್ಲ. "ಅವಳೂ ಹೆಣ್ಣು ಅಂತ ಗೊತ್ತಾದ್ಮೇಲೆ ನಮ್ಮಿಬ್ರನ್ನ ನೋಡ್ದಾಗ ನಿಂಗೆ ಏನನ್ಸೋದು?" ಎಂದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ಅಪ್ಪನ ಜೊತೆ ಎಂದಿನಂತೆ ಮಾತಾಡಿದಳು, ನಕ್ಕಳು, ಶರ್ಟಿಗೆ ಇಸ್ತ್ರಿ ಮಾಡಿಕೊಟ್ಟಳು.

ಅದನ್ನು ನೋಡಿದಾಗ ನನಗೆ ಆ ಸಿಟ್ಟು ಬಂತು, ಇಷ್ಟು ವರ್ಷ ಬರಬೇಕಾದದ್ದು. ಈ ಮನೆಯಲ್ಲಿ ಅದನ್ನು ಮಾಡಿದವಳು ನಾನು, ಹೊತ್ತವಳು ನಾನು, ಮಗಳಿಗೆ ಉತ್ತರ ಹೇಳಿದವಳೂ ನಾನು. ನಿನ್ನ ಮೇಲೆ ನಾಲ್ಕು ತಿಂಗಳು ಕೂಗಾಡಿದೆ. ಯಾರ ಎದುರು ಒಂದು ಮಾತೂ ಎತ್ತಲಿಲ್ಲವೋ ಅವರು ಅಲ್ಲೇ ಕುರ್ಚಿಯಲ್ಲಿ ಕೂತು ಕ್ರಿಕೆಟ್ ನೋಡುತ್ತಿದ್ದರು.

ಚಿತ್ರ ತಗೊಂಡು ಭಾನುವಾರ ಬಾ. ಭಾನುವಾರ ಅವರಿಗೆ ವಾರದ ರಜೆ, ಮನೆಯಲ್ಲಿರುತ್ತಾರೆ. ಅವರಿಲ್ಲದಾಗ ಬರಬೇಡ. ಹಾಲಿನ ಗೋಡೆ ಖಾಲಿ ಮಾಡಿದ್ದೇನೆ. ಬರುವ ಮೊದಲು ಹಿಂದೆ ತಂತಿ ಗಟ್ಟಿಯಾಗಿ ಬಿಗಿದುಕೊಂಡು ಬಾ, ಬೀಳಬಾರದು. ಇದು ಏನು ಎಂದು ಅವರು ಕೇಳಿದರೆ ನಾನು ಹೇಳುತ್ತೇನೆ, ನೀನು ಹೇಳಬೇಡ. ಮಕ್ಕಳಿಬ್ಬರೂ ಅಲ್ಲೇ ಇರಲಿ.

ಸುತ್ತಿಗೆ, ಮೊಳೆ ಮೇಜಿನ ಮೇಲೆ ಇಟ್ಟಿರುತ್ತೇನೆ. ನಾನು ಹೊಡೀತೀನಿ ಭಾವ ಎಂದು ನೀನು ಮುಂದೆ ಬರಬೇಡ. ಅವರೇ ಹೊಡೆಯಬೇಕು. ಎಲ್ಲಿ ಹೊಡೆಯಲಿ ಎಂದು ಕೇಳುತ್ತಾರೆ. ಜಾಗ ನಾನು ಬೆರಳಿಟ್ಟು ತೋರಿಸುತ್ತೇನೆ.

ನಿನ್ನ ಅಕ್ಕ
ಬಂಗಾರಮ್ಮ